ವಾಲ್ವಮ್ಮ ಮತ್ತು ಅಳಿಯನ ಧರ್ಮಸಂಕಟಗಳು

ನೀರು ಸರಬರಾಜು ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷ ವಾಲ್ವು ತಿರುಗಿಸಿದ ಹೆಂಗಸಿಗೆ ಊರವರು ಇಟ್ಟ ಹೆಸರು ವಾಲ್ವಮ್ಮ. ಗಂಡ ತೀರಿಕೊಂಡ ಮೇಲೆ ಅವನ ಕೆಲಸ ಅವಳಿಗೆ ಬಂದಿತ್ತು. ಎದೆಮಟ್ಟದ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗಬೇಕು, ರಸ್ತೆ ಬದಿಯ ಗುಂಡಿಯ ಮುಚ್ಚಳ ಎತ್ತಬೇಕು, ಎಣಿಸಿ ಇಷ್ಟು ಸುತ್ತು ತಿರುಗಿಸಬೇಕು. ಆಗ ಒಂದು ಬೀದಿಗೆ ನೀರು ಬಂತು, ಇನ್ನೊಂದು ಬೀದಿಯವರು ಬೈಯಲು ಶುರು ಮಾಡಿದರು ಅಂತಲೇ ಅರ್ಥ. ಬೈಸಿಕೊಳ್ಳುವುದೂ ಕೆಲಸದ ಒಂದು ಭಾಗವೆಂದು ಅವಳು ಯಾವತ್ತೋ ಒಪ್ಪಿಕೊಂಡಿದ್ದಳು.

ಅವಳ ಅಳಿಯನಿಗೂ ಊರಿನ ಕಷ್ಟದ ಚಿಂತೆ ಬಹಳ. ಆದರೆ ಅದು ಎಲ್ಲೂ ಇಲ್ಲದ ಊರುಗಳ ಕಷ್ಟ. ವಾರದ ಐದು ದಿನ ವಿಮಾ ಕಚೇರಿಯಲ್ಲಿ ಕೂತು ಜನರ ಅರ್ಜಿ ತಿರಸ್ಕರಿಸುವುದು ಅವನ ಉದ್ಯೋಗ. ಅದರಲ್ಲಿ ಅವನಿಗೆ ಯಾವ ಸಂಕಟವೂ ಇರಲಿಲ್ಲ. ಸಂಕಟವನ್ನೆಲ್ಲ ಭಾನುವಾರ ಮಧ್ಯಾಹ್ನಕ್ಕೆ ಎತ್ತಿಟ್ಟಿದ್ದ.

ಭಾನುವಾರ ಊಟವಾದ ಮೇಲೆ ಅವನ ಮನೆಯ ಮೇಜಿನ ಸುತ್ತ ಮೂರು ನಾಲ್ಕು ಜನ ಸೇರುತ್ತಿದ್ದರು. ಅವನು ಕಥೆ ಹೇಳುವವನು, ಉಳಿದವರು ದಾಳ ಉರುಳಿಸುತ್ತ ಆಡುವ ಕಥೆಯೊಳಗಿನ ಪಾತ್ರಗಳು. ಮುಳುಗುವ ಹಡಗು, ಒಂದೇ ದೋಣಿ, ಐದು ಜನ, ಯಾರನ್ನು ಬಿಡುತ್ತೀರಿ? ಇಬ್ಬರು ರೋಗಿಗಳು, ಒಂದೇ ಮದ್ದು, ಯಾರಿಗೆ ಕೊಡುತ್ತೀರಿ? ಇಂಥ ಆಟಗಳನ್ನು ಅವನೇ ಬರೆದು, ಹದಿನಾರು ಪುಟದ ಪುಸ್ತಿಕೆ ಮಾಡಿ, ತನ್ನಂಥವರಿಗೆ ಅಂಚೆಯಲ್ಲಿ ಕಳಿಸುತ್ತಿದ್ದ. ಹಲ್ಲಿನ ಡಾಕ್ಟರೊಬ್ಬರು ತಪ್ಪದೆ ಬಂದು, ದೋಣಿಯಿಂದ ಬಿದ್ದ ಕಾಲ್ಪನಿಕ ಮಗುವಿಗಾಗಿ ನಿಜವಾದ ಕರ್ಚೀಫು ಒದ್ದೆ ಮಾಡಿಕೊಂಡು ಹೋಗುತ್ತಿದ್ದರು. ಲೈಬ್ರರಿ ಮೇಡಂ ಅಳುತ್ತಿರಲಿಲ್ಲ, ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳುತ್ತಿದ್ದರು. ಹೊಟ್ಟೆ ತುಂಬಿದವರು ಹಸಿವಿನ ರುಚಿ ನೋಡುವ ಪರಿ ಅದು.

ಒಂದು ಭಾನುವಾರ ಒಬ್ಬ ಆಟಗಾರ ಬರಲಿಲ್ಲ. ಮಗಳ ಮನೆಗೆ ಊಟಕ್ಕೆ ಬಂದಿದ್ದ ವಾಲ್ವಮ್ಮನನ್ನು ಅಳಿಯ ಕರೆದ.

"ಅತ್ತೆ, ಇವತ್ತಿನ ಆಟ ನಿಮ್ಮ ಕೆಲಸದ್ದೇ. ಕೂತ್ಕೊಳ್ಳಿ."

"ಇದರಲ್ಲಿ ಯಾರು ಗೆಲ್ತಾರೆ?"

"ಯಾರೂ ಗೆಲ್ಲಲ್ಲ. ಒದ್ದಾಡೋದೇ ಆಟ."

"ಒದ್ದಾಡೋಕೆ ದಾಳ ಯಾಕೆ?" ಎನ್ನುತ್ತಲೇ ಕುರ್ಚಿ ಎಳೆದುಕೊಂಡಳು.

ಅಳಿಯ ದನಿ ತಗ್ಗಿಸಿ ಶುರುಮಾಡಿದ. ಬರಗೆಟ್ಟ ಊರು. ಒಂದೇ ಟ್ಯಾಂಕು. ಮೇಲಿನ ಕೇರಿಯಲ್ಲಿ ಆಸ್ಪತ್ರೆ, ಕೆಳಗಿನ ಕೇರಿಯಲ್ಲಿ ಅನಾಥ ಮಕ್ಕಳು. ನೀರು ಒಬ್ಬರಿಗೇ. ಡಾಕ್ಟರು ಆಗಲೇ ಕನ್ನಡಕ ತೆಗೆದಿಟ್ಟಿದ್ದರು.

"ಪೈಪು ಎಷ್ಟು ಇಂಚಿಂದು?" ವಾಲ್ವಮ್ಮ ಕೇಳಿದಳು.

"ಅದು ಮುಖ್ಯ ಅಲ್ಲ ಅತ್ತೆ."

"ಟ್ಯಾಂಕಿಗೆ ಎಷ್ಟು ಹಿಡಿಯತ್ತೆ?"

ಅವನು ಪುಸ್ತಿಕೆ ನೋಡಿ ಬಾಯಿಗೆ ಬಂದ ಒಂದು ಲೆಕ್ಕ ಹೇಳಿದ. ಅವಳು ಬೆರಳು ಮಡಚಿ ಎಣಿಸಿದಳು. "ಬೆಳಗ್ಗೆ ಆಸ್ಪತ್ರೆಗೆ ಎರಡು ಗಂಟೆ, ಸಂಜೆ ಮಕ್ಕಳಿಗೆ ಒಂದೂವರೆ. ಇನ್ನೂ ಮಿಕ್ಕತ್ತೆ. ಆಯ್ತಲ್ಲ?"

ಆಟ ಹತ್ತು ನಿಮಿಷದಲ್ಲಿ ಮುಗಿದುಹೋಗಿತ್ತು. ಅಳಿಯ ತಡವರಿಸಿ, ವಾಲ್ವು ಕೆಟ್ಟಿದೆ ಎಂದ. ಯಾವ ವಾಷರು ಹೋಗಿದೆ ಎಂದಳು. ಊರಲ್ಲಿ ದಂಗೆ ಎದ್ದಿದೆ ಎಂದ. ದಂಗೆಯಲ್ಲೂ ಬಾಯಾರತ್ತೆ, ಕೊಡ ಹಿಡ್ಕೊಂಡು ಬರ್ತಾರೆ ಎಂದಳು.

"ಅತ್ತೆ, ನೀವು ಫೀಲ್ ಮಾಡ್ತಾನೇ ಇಲ್ಲ," ಅಳಿಯ ಸಿಡುಕಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ನಗು ನುಂಗಿಕೊಂಡಳು.

ಲೈಬ್ರರಿ ಮೇಡಂ ಸಮಾಧಾನದ ದನಿಯಲ್ಲಿ ಕೇಳಿದರು. "ಇಷ್ಟು ವರ್ಷದಲ್ಲಿ ಯಾರಿಗಾದರೂ ನೀರು ನಿಲ್ಲಿಸಬೇಕಾದ ಸಂದರ್ಭ ಬಂದಿರಬೇಕಲ್ವಾ?"

"ಬೇಕಾಗಿರಲಿಲ್ಲ. ನಿಲ್ಲಿಸಿದೆ," ಎಂದಳು ವಾಲ್ವಮ್ಮ.

ಕೇಳಿದ್ದಕ್ಕೆ ಹೇಳಿದಳು. ಕೆಲಸಕ್ಕೆ ಸೇರಿದ ಐದನೇ ವರ್ಷ. ಏರು ಬೀದಿಯ ಮೊದಲ ಮನೆಯವನು, ನೀರು ತಡವಾಯಿತೆಂದು, ಗಂಡನ್ನ ನುಂಗಿ ಕೆಲಸಕ್ಕೆ ಬಂದವಳು ಎಂದು ನಾಲ್ಕು ಜನರ ಎದುರು ಅಂದಿದ್ದ. ಅವಳು ಕೀಲಿ ಹಾಕಿ ಆ ಬೀದಿಯ ವಾಲ್ವನ್ನು ಪೂರ್ತಿ ಮುಚ್ಚಿದಳು. ಪೈಪು ಒಡೆದಿದೆ ಎಂದು ಆಫೀಸಿನಲ್ಲಿ ಬರೆಸಿದಳು. ಬಂದು ನೋಡಿದವರಿಲ್ಲ. ಅಂದವನು ಒಬ್ಬ, ನೀರು ನಿಂತಿದ್ದು ಮೂವತ್ತಾರು ಮನೆಗೆ. ಹನ್ನೊಂದು ದಿನ. ಒಂಬತ್ತನೇ ದಿನ ಕೊನೆಯ ಮನೆಯ ಮುದುಕ, ಮೊದಲು ದರ್ಜಿಯಾಗಿದ್ದವನು, ಪಕ್ಕದ ಬೀದಿಯಿಂದ ಬಕೆಟು ಹೊತ್ತು ತರುವಾಗ ಏರಿನಲ್ಲಿ ಜಾರಿ ಸೊಂಟ ಮುರಿದುಕೊಂಡ. ಆಮೇಲೆ ಅವನು ನಡೆಯಲಿಲ್ಲ.

"ಆ ದಿನಗಳಲ್ಲಿ ಎಷ್ಟು ನರಳಿದ್ರೋ ನೀವು," ಎಂದರು ಡಾಕ್ಟರು, ಕರ್ಚೀಫು ಹುಡುಕುತ್ತ.

"ಇಲ್ಲ. ಚೆನ್ನಾಗಿ ಉಂಡೆ, ಚೆನ್ನಾಗಿ ಮಲಗಿದೆ. ಅವನು ಬಿದ್ದ ಸುದ್ದಿ ಗೊತ್ತಾದ ಮೇಲೂ ಎರಡು ದಿನ ಬಿಡಲಿಲ್ಲ."

ಅಳಿಯ ಪೆನ್ಸಿಲು ಹುಡುಕಿ ಸರಸರ ಬರೆದುಕೊಳ್ಳತೊಡಗಿದ. ಉರಿಯುವ ಮನೆಯಲ್ಲಿ ಗಳ ಹಿರಿಯುವವರನ್ನು ವಾಲ್ವಮ್ಮ ಮೊದಲೂ ಕಂಡಿದ್ದಳು, ಆದರೆ ತನ್ನ ಮನೆಯ ಗಳ ಇದೇ ಮೊದಲು.

ಮೂರು ತಿಂಗಳಿಗೆ ಹೊಸ ಪುಸ್ತಿಕೆ ಬಂತು. ಅವನ ಆಟಗಳಲ್ಲೇ ಇದಕ್ಕೆ ಹೆಚ್ಚು ಬೇಡಿಕೆಯಂತೆ. ಮಗಳು ಅದನ್ನು ಅಮ್ಮನಿಗೆ ಓದಿ ಹೇಳಿದಳು. ಅದರಲ್ಲಿ ವಾಲ್ವು ತಿರುಗಿಸುವವಳಿಗೆ ಜ್ವರದಲ್ಲಿ ಮಲಗಿದ ಕೂಸೊಂದಿತ್ತು, ಬೀದಿಗೆ ನೀರು ಬಿಟ್ಟರೆ ಕೂಸಿಗಿಲ್ಲ. ಅವಳು ಮೂರು ರಾತ್ರಿ ಕಣ್ಣೆವೆ ಮುಚ್ಚದೆ ಒದ್ದಾಡುತ್ತಿದ್ದಳು.

ವಾಲ್ವಮ್ಮ ಅಳಿಯನನ್ನು ಕೇಳಿದಳು. "ಈ ಕೂಸು ಯಾರದ್ದು?"

"ಕೂಸಿಲ್ಲದಿದ್ರೆ ಪಾತ್ರದ ಮೇಲೆ ಯಾರಿಗೂ ಕನಿಕರ ಬರಲ್ಲ ಅತ್ತೆ. ಅದು ಬರೀ ಹಗೆ ಆಗತ್ತೆ."

"ಬರೀ ಹಗೇನೇ ಅದು."

"ಹಗೆಯಲ್ಲಿ ಧರ್ಮಸಂಕಟ ಇಲ್ವಲ್ಲ. ಆಡೋಕೆ ಏನಿದೆ ಅದರಲ್ಲಿ?"

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಅದೇ ಅವಳನ್ನು ಕೆಣಕಿತು. ಇಲ್ಲಿಯತನಕ ಮಾಡಿದ್ದನ್ನು ಮಾಡಿದೆ ಎಂದು ತನ್ನಲ್ಲೇ ಇಟ್ಟುಕೊಳ್ಳಬಹುದಿತ್ತು. ಈಗ ಯಾರ್‍ಯಾರೋ ಊರಿನವರು ಮೇಜಿನ ಸುತ್ತ ಕೂತು ಅವಳ ಪರವಾಗಿ ಅತ್ತು, ಅವಳನ್ನು ಮಾಫಿ ಮಾಡಿ, ಎದ್ದು ಚಹಾ ಕುಡಿಯುತ್ತಿದ್ದರು.

ಮಾರನೇ ವಾರ ಏರು ಬೀದಿಯ ಕೊನೆಯ ಮನೆಗೆ ಹೋದಳು. ಮುದುಕ ಎಂದೋ ತೀರಿಕೊಂಡಿದ್ದ. ಬಾಗಿಲಿಗೆ ಬಂದವಳು ಅವನ ಸೊಸೆ. ಅವಳಿಗೂ ತಲೆ ಅರ್ಧ ನರೆತಿತ್ತು. ಕೂರಿ ಎನ್ನಲಿಲ್ಲ.

"ಆಗ ಪೈಪು ಒಡೆದಿರಲಿಲ್ಲ," ಎಂದಳು ವಾಲ್ವಮ್ಮ. "ನಾನೇ ಮುಚ್ಚಿದ್ದು."

"ಗೊತ್ತು. ಬೀದಿಗೆಲ್ಲ ಗೊತ್ತಿತ್ತು."

"ಮತ್ತೆ ದೂರು ಕೊಡಲಿಲ್ಲ?"

"ದೂರು ಕೊಟ್ರೆ ಇನ್ನೂ ಹನ್ನೊಂದು ದಿನ ನಿಲ್ಲಿಸ್ತೀರಿ ಅಂತ ಸುಮ್ಮನಿದ್ವಿ. ಮಾವ ಆಸ್ಪತ್ರೆಯಿಂದ ಬಂದ ಮೇಲೂ ಅದನ್ನೇ ಹೇಳಿದ್ರು, ಅವಳ ಹತ್ತಿರ ಜಗಳ ಬೇಡ ಅಂತ. ಈಗ ಯಾಕೆ ಬಂದ್ರಿ?"

"ಹೇಳೋಣ ಅಂತ."

"ಹೇಳಿದ್ರಲ್ಲ," ಎಂದು ಸೊಸೆ ಒಳಗೆ ಹೋದಳು. ಬಾಗಿಲನ್ನು ದಬ್ಬಿ ಹಾಕಲಿಲ್ಲ, ಮೆಲ್ಲನೆ ಹಾಕಿದಳು. ಈಗಲೂ ಹೆದರಿಕೆ ಇತ್ತೋ ಏನೋ.

ವಾಲ್ವಮ್ಮ ಸೈಕಲ್ಲು ತಳ್ಳಿಕೊಂಡು ಏರು ಇಳಿದಳು. ತನ್ನನ್ನು ಜನ ಬೈಯುತ್ತಾರೆಂದು ಇಷ್ಟು ವರ್ಷ ಗೊಣಗಿದ್ದಳು. ಬೈಯದೆ ಉಳಿದ ಒಂದು ಬೀದಿ ಇದೆಯೆಂದು ಅವಳ ಗಮನಕ್ಕೇ ಬಂದಿರಲಿಲ್ಲ.

ಈ ಭೇಟಿಯನ್ನು ಅಳಿಯನಿಗೆ ಹೇಳಲಿಲ್ಲ. ಹೇಳಿದ್ದರೆ ಮುಂದಿನ ಮುದ್ರಣಕ್ಕೆ ಒಂದು ಪುಟ ಹೆಚ್ಚುತ್ತಿತ್ತು. ಭಾನುವಾರ ಉಂಡು, ಮೇಜಿನ ಮೇಲೆ ದಾಳ ಬೀಳುವ ಮೊದಲೇ ಹೊರಟುಬಿಡುತ್ತಿದ್ದಳು.

ಮರುವರ್ಷ ಅವಳಿಗೆ ನಿವೃತ್ತಿಯಾಯಿತು. ಅವಳ ಜಾಗಕ್ಕೆ ಬಂದ ಹೆಂಗಸಿಗೆ ಒಂದೊಂದೇ ಗುಂಡಿ ತೋರಿಸುತ್ತ ಏರು ಬೀದಿಗೆ ಬಂದಾಗ, "ಈ ಬೀದಿಯವರು ಏನೂ ಕೇಳಲ್ಲ," ಎಂದಳು. "ಅದಕ್ಕೇ ನೀನೇ ಕೊನೆ ಮನೆ ತನಕ ನಡೆದು, ನೀರು ಏರತ್ತಾ ಅಂತ ನೋಡ್ಬೇಕು. ಗೇಟಿನ ನಲ್ಲಿ ತಿರುಗಿಸಿ ನೋಡು, ಒಳಗೆ ಕರೆಯಲ್ಲ."

ಹೊಸಬಳು ತಲೆಯಾಡಿಸಿ ಮುಂದಿನ ಗುಂಡಿ ಎಲ್ಲಿ ಎಂದು ಕೇಳಿದಳು.