ಅಕ್ಕ ಕಟ್ಟಿಸಿದ ಅಡ್ಡಗೋಡೆ

ನಾನು ಚಿಕ್ಕವಳಿದ್ದಾಗ ನಮ್ಮ ಹಾನುಬಾಳು ಕಡೆ ಮದುವೆ ಊಟ ಕಾಫಿ ಮೂಟೆ ತುಂಬಿಡುವ ಸ್ಟೋರಿನಲ್ಲೇ ನಡೆಯುತ್ತಿತ್ತು. ಮೂಟೆಗಳೆಲ್ಲ ಮಾರಾಟಕ್ಕೆ ಹೋಗಿ ಸ್ಟೋರ್ ಖಾಲಿಯಾದ ಮೇಲೆ ನೆಲ ಸಾರಿಸಿ ಬಾಳೆಲೆ ಹಾಸಿದರೆ ಆಯಿತು. ಕಾಫಿಯ ವಾಸನೆ ಮಾತ್ರ ಪಾಯಸದೊಳಗೂ ನುಗ್ಗುತ್ತಿತ್ತು!

ಅಕ್ಕನ ಮದುವೆ ಗೊತ್ತಾದಾಗ ಅಪ್ಪನ ಹುರುಪು ಹೇಳತೀರದು. ಬೀಗರೆಲ್ಲ ಒಂದೇ ಸಾಲಿನಲ್ಲಿ ಊಟಕ್ಕೆ ಕೂರಬೇಕು ಅಂತ ಸ್ಟೋರಿನ ನಡುವೆ ಇದ್ದ ಅಡ್ಡಗೋಡೆಯನ್ನೇ ಒಡೆಸಿಬಿಟ್ಟ. ಈಗ ಎರಡು ಉದ್ದನೆಯ ಮಣ್ಣಿನ ಗೋಡೆ, ತುದಿಗಳಲ್ಲಿ ಎರಡು ಚಿಕ್ಕ ಗೋಡೆ, ಮಧ್ಯೆ ಬಟಾಬಯಲು.

ಒಂದು ಮಧ್ಯಾಹ್ನ ನೆಲ ಗುಡುಗುಡು ಎಂದು ನಡುಗಿತು. ನಾನೂ ಅಕ್ಕನೂ ಅಂಗಳಕ್ಕೆ ಓಡಿದೆವು. ನಾಯಿ ಬೊಗಳುವುದನ್ನೇ ಮರೆತಿತ್ತು. ನಡುಕ ನಿಂತ ಮೇಲೆ ಸ್ಟೋರಿಗೆ ಹೋಗಿ ನೋಡಿದರೆ, ಚಿಕ್ಕ ಗೋಡೆಗಳಿಗೆ ಒಂದು ಗೀರೂ ಬಿದ್ದಿರಲಿಲ್ಲ. ಉದ್ದ ಗೋಡೆಯೊಂದು ಮಾತ್ರ ನಡುವೆ ಬಿರುಕು ಬಿಟ್ಟು, ಹೊಟ್ಟೆ ಮುಂದೆ ಮಾಡಿ ನಿಂತಿತ್ತು.

“ಸುಣ್ಣ ಬಳಿದ್ರೆ ಆಯ್ತು, ಯಾರಿಗೂ ಕಾಣಕ್ಕಿಲ್ಲ” ಎಂದ ಅಪ್ಪ.

“ಕಾಣ್ದಿದ್ರೆ ಬೀಳಕ್ಕಿಲ್ವಾ?” ಎಂದು ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

ನೆಲಕ್ಕೆ ಗೋಣಿ ಹಾಸಿ, ಅದರ ಮೇಲೆ ಊಟದ ಮಣೆಯನ್ನು ಗೋಡೆಯಂತೆ ಎತ್ತಿ ನಿಲ್ಲಿಸಿದಳು. ಮಣೆ ನಿಂತ ಉದ್ದಕ್ಕೇ ಗೋಣಿಯನ್ನು ಎಳೆದಾಗ ಮಣೆ ಬೀಳಲಿಲ್ಲ. ಅಡ್ಡಕ್ಕೆ ಎಳೆದದ್ದೇ ತಡ, ದಬಕ್ಕನೆ ಬಿತ್ತು. ಆಮೇಲೆ ಇನ್ನೊಂದು ಮಣೆಯನ್ನು ಅಡ್ಡ ಕೊಟ್ಟು, ಹಗ್ಗ ಬಿಗಿದು, ಗೋಣಿಯನ್ನು ಮತ್ತೆ ಎರಡೂ ಕಡೆಗೆ ಎಳೆದಳು. ಎರಡೂ ನಿಂತವು. ನಾನು ಚಪ್ಪಾಳೆ ತಟ್ಟಿದೆ. ಅಪ್ಪ ಕಣ್ಣು ಬಿಟ್ಟ, ನಿಲ್ಲಿಸಿದೆ.

“ಭೂಮಿ ಮತ್ತೆ ಅಡ್ಡಕ್ಕೇ ಅಲುಗ್ತೈತೆ ಅಂತ ನಿಂಗ್ಯಾರು ಹೇಳಿದ್ರು?” ಎಂದು ಗದರಿದ.

“ಯಾವ ಕಡೆಯಿಂದ ಬರ್ಲಿ ಅಂತ ಅದು ನಿನ್ನ ಕೇಳ್ತೈತಾ? ಅದಕ್ಕೇ ಎರಡೂ ಕಡೆಗೂ ಗೋಡೆ ಬೇಕು ಕಣಪ್ಪ. ಉಣ್ಣಕ್ಕೆ ಬಂದೋರ ತಲೆ ಮೇಲೆ ಬಿದ್ರೆ ಏನ್ ಮಾಡ್ತೀಯ? ಆ ಗೋಡೆ ಏಳೋಗಂಟ ನಾನು ಹಸೆಮಣೆ ಏರಕ್ಕಿಲ್ಲ!”

ಅಪ್ಪ ಕೂಗಾಡಿದ. ಇಂಥ ಬಾಯಿಬಡುಕಿ ಯಾವ ಮನೆಯಲ್ಲಿ ಬಾಳುತ್ತಾಳೆ ಅಂದ. ಅಕ್ಕ ಒಡೆದ ಗೋಡೆಯ ಮಣ್ಣಿನ ಗುಡ್ಡೆ ಮೇಲೆ ಕೂತುಬಿಟ್ಟಳು, ಊಟಕ್ಕೂ ಏಳಲಿಲ್ಲ. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೂ ಏಳಲಿಲ್ಲ, ಏನಂದುಕೊಂಡಿದ್ದೀರಿ!

ಸಂಜೆಗೆ ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಬಂದ. “ಎದ್ದೇಳ್ರೇ, ಆ ಮಣ್ಣು ಬೇಕು” ಎಂದು ನೀರು ಸುರಿದು ತುಳಿಯತೊಡಗಿದ. ಅಡ್ಡಗೋಡೆ ಎದ್ದಿತು, ಬಿರುಕು ಬಿಟ್ಟ ಗೋಡೆಯನ್ನೂ ಇಳಿಸಿ ಹೊಸದಾಗಿ ಕಟ್ಟಿದರು. ಮದುವೆ ಸ್ವಲ್ಪ ಮುಂದಕ್ಕೆ ಹೋಯಿತು. ಪಾಳ್ಯದಿಂದ ಬಂದ ಬೀಗರು ಎರಡು ಕೋಣೆಯಲ್ಲಿ ಕೂತು, ಈಚೆ ಕಡೆಗೆ ಪಾಯಸ ಬರಲಿಲ್ಲ ಅಂತ ಗೊಣಗುತ್ತಲೇ ಉಂಡರು. ನೆಲ ಮತ್ತೆ ನಡುಗಲಿಲ್ಲ. “ಸುಮ್ನೆ ಕಟ್ಟಿಸ್ಬುಟ್ಟೆ” ಎಂದು ಅಪ್ಪ ರೇಗಿಸಿದರೆ, “ನಡುಗದಿದ್ರೆ ನಿಂಗೇನು ನಷ್ಟ?” ಎನ್ನುತ್ತಿದ್ದಳು ಅಕ್ಕ.

ಮಕ್ಕಳೇ, ಈಗಿನ ಎಂಜಿನಿಯರುಗಳು ಮನೆ ಕಟ್ಟುವ ಮೊದಲೇ ಅದನ್ನು ಕಂಪ್ಯೂಟರಿನಲ್ಲಿ ಎಲ್ಲ ದಿಕ್ಕಿಗೂ ಅಲುಗಿಸಿ ನೋಡುತ್ತಾರಂತೆ. ಒಳ್ಳೆಯದು. ಆದರೆ ಹಾಲ್ ದೊಡ್ಡದಾಗಿ ಕಾಣಲಿ ಅಂತ ಗೋಡೆ ಒಡೆಸುವ ಅಪ್ಪಂದಿರು ಈಗಲೂ ಇದ್ದಾರೆ. ನೀವು ಬಾಯಿ ತೆರೆದರೆ, ದೊಡ್ಡವರಿಗೆ ಎದುರು ಮಾತಾಡಬೇಡ ಅನ್ನುತ್ತಾರೆ. ಅನ್ನಲಿ, ನೀವು ಮಾತಾಡಿ. ತಲೆ ಮೇಲೆ ಬೀಳುವ ವಿಷಯವಾದರೆ ನನಗೂ ಎದುರಾಡಿ.