ಬೆಳ್ಳಕ್ಕಿಯ ಫೋಟೊ ಮತ್ತು ನಮ್ಮತ್ತೆಯ ಅರಿಶಿನ

ಪಾಸ್‌ಪೋರ್ಟ್ ಅಳತೆಯ ಫೋಟೊದಲ್ಲಿ ಚೆನ್ನಾಗಿ ಕಂಡವರನ್ನು ನಾನಿನ್ನೂ ನೋಡಿಲ್ಲ. ನೀವು ನೋಡಿದ್ದರೆ ದಯವಿಟ್ಟು ವಿಳಾಸ ಕೊಡಿ, ಹೋಗಿ ಕೈ ಮುಗಿದು ಬರುತ್ತೇನೆ. ಕನ್ನಡಿಯ ಮುಂದೆ ತಕ್ಕಮಟ್ಟಿಗೆ ಲಕ್ಷಣವಾಗಿಯೇ ಇರುವ ನಾನು, ಆ ಸ್ಟೂಲಿನ ಮೇಲೆ ಕುಳಿತು 'ಗದ್ದ ಸ್ವಲ್ಪ ಕೆಳಗೆ, ಕಣ್ಣು ಮೇಲೆ' ಎಂಬ ಪರಸ್ಪರವಿರುದ್ಧ ಆಜ್ಞೆಗಳನ್ನು ಏಕಕಾಲಕ್ಕೆ ಪಾಲಿಸಲು ಹೊರಟೊಡನೆ, ಪೊಲೀಸರು ಬಹುಕಾಲದಿಂದ ಹುಡುಕುತ್ತಿರುವ ಹೆಂಗಸಿನ ಕಳೆ ಪಡೆದುಬಿಡುತ್ತೇನೆ. ಬ್ಯಾಂಕಿನವರು ಎರಡು ಫೋಟೊ ಕೇಳಿದ ಕಾರಣಕ್ಕೆ ಕಳೆದ ಆಷಾಢದಲ್ಲಿ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹಿಂದಿರುವ ಖಲೀಲ್ ಅವರ ಸ್ಟುಡಿಯೊಕ್ಕೆ ಹೋಗಿ, ಇಂಥ ಎಂಟು ಅಪರಾಧಿಗಳನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿಕೊಳ್ಳುತ್ತ ಕೂತಿದ್ದೆ.

ಖಲೀಲ್ ನಮ್ಮ ಕಡೆಯ ಮದುವೆಗಳ ಖಾಯಂ ಫೋಟೊಗ್ರಾಫರ್. ಅವರ ಆಲ್ಬಮ್ಮುಗಳಲ್ಲಿ ಬಾಳೆಯೆಲೆ ತನ್ನ ಹುಟ್ಟುಹಸಿರಿಗಿಂತ ಹಸಿರಾಗಿರುತ್ತದೆ, ಮದುಮಗನ ಕೆನ್ನೆ ಮದುಮಗಳಿಗಿಂತ ಕೆಂಪಾಗಿರುತ್ತದೆ. ಆದರೆ ಅಂದು ಗೋಡೆಯ ಮೇಲೆ ವಧೂವರರ ಬದಲು ಮೂರು ಕಪ್ಪುಬಿಳುಪು ಚಿತ್ರಗಳಿದ್ದವು: ಎಲೆಯೆಲ್ಲ ಉದುರಿದ ಒಂದು ಜಾಲಿಮರ, ಇಬ್ಬನಿ ಹೊತ್ತು ಬಾಗಿದ ಜೊಂಡುಹುಲ್ಲು, ಮತ್ತು ಮುಂಜಾನೆಯ ಕೆರೆಯಲ್ಲಿ ಒಂಟಿಕಾಲಿನ ಮೇಲೆ ನಿಂತ ಬೆಳ್ಳಕ್ಕಿ. ಕಲೆಯ ಬಗ್ಗೆ ನನಗಿರುವ ಅಗಾಧ ಜ್ಞಾನವೆಲ್ಲ ಒಟ್ಟುಗೂಡಿ ಬಾಯಿಂದ ಹೊರಬಂದ ಪ್ರಶ್ನೆ ಇದು: "ಏನ್ ಖಲೀಲಣ್ಣ, ಕಲರ್ ಇಂಕು ಖಾಲಿ ಆಗೋಯ್ತಾ?"

ಅವರು ನಕ್ಕುಬಿಟ್ಟರು. "ವರ್ಷವೆಲ್ಲ ಮದುವೆ ಮನೇಲಿ ಕಲರು ನೋಡಿ ನೋಡಿ ಕಣ್ಣು ಉರಿ ಬಂದ್ಬಿಡ್ತದೆ ಅಕ್ಕ. ಆಷಾಢದಾಗೆ ಮದುವೆ ಇಲ್ಲ, ನಾನು ಫ್ರೀ. ಬೆಳಗಾಗ್ತಿದ್ದಂಗೆ ದೊಡ್ಡಬೆಳವಂಗಲದ ಕಡೆ ಕೆರೆ ಹತ್ರ ಹೋಗಿ ಕೂತ್ಕೊಂತೀನಿ. ಕಣ್ಣು ತೊಳ್ಕೊಂಡಂಗೆ ಇರ್ತದೆ."

ಈ ಮಾತು ನನಗೆ ತಾಗಿತು, ಏಕೆಂದರೆ ನನ್ನ ಕಣ್ಣಿಗೂ ಅಂಥದೇ ಉರಿ. ನಮ್ಮದು ನಾಲ್ಕು ಮಗ್ಗಗಳ ನೇಕಾರರ ಮನೆ. ಯಜಮಾನರು ಮಗ್ಗ ನೋಡಿಕೊಳ್ಳುತ್ತಾರೆ, ಸೀರೆಯ ಅಂಚು-ಸೆರಗುಗಳಿಗೆ ಡಿಸೈನು ಬರೆಯುವುದು ನನ್ನ ಪಾಲಿನ ಕೈಂಕರ್ಯ. ಇಪ್ಪತ್ತೆರಡು ವರ್ಷಗಳಿಂದ ಮಾವಿನಕಾಯಿ, ನವಿಲು, ಗೋಪುರ, ಮತ್ತೆ ಮಾವಿನಕಾಯಿ. ಶ್ರೀನಿವಾಸಪುರದ ತೋಟಗಳಲ್ಲಿ ಬಿಟ್ಟಿದ್ದಕ್ಕಿಂತ ಹೆಚ್ಚು ಮಾವು ನನ್ನ ಗ್ರಾಫ್ ಹಾಳೆಗಳಲ್ಲಿ ಬಿಟ್ಟಿರಬೇಕು, ಒಂದೂ ಹಣ್ಣಾಗಲಿಲ್ಲ ಅಷ್ಟೆ. ತಮಾಷೆಯೆಂದರೆ ಎಂಥ ರಂಗುರಂಗಿನ ಸೀರೆಯೂ ಮೊದಲು ಹುಟ್ಟುವುದು ನನ್ನ ಹಾಳೆಯ ಕಪ್ಪುಬಿಳುಪು ಚೌಕಗಳಲ್ಲೇ: ಜರಿ ಬರಬೇಕಾದ ಕಡೆ ಚೌಕ ತುಂಬಬೇಕು, ಬೇಡದ ಕಡೆ ಬಿಡಬೇಕು. ಇದನ್ನೇ ಜೀವಮಾನವೆಲ್ಲ ಮಾಡಿಕೊಂಡು ಬಂದವಳಿಗೆ ಆ ಬೆಳ್ಳಕ್ಕಿಯನ್ನು ಕಂಡಾಗ ಹೊಳೆದದ್ದು ಇಂಕಿನ ವಿಚಾರ! ಮೂರೂ ಚಿತ್ರಗಳ ಚಿಕ್ಕ ಪ್ರತಿಗಳನ್ನು ಕೇಳಿ ಪಡೆದು, ಬೆಳ್ಳಕ್ಕಿಯದೊಂದು ದೊಡ್ಡ ಪ್ರತಿಗೆ ಹೇಳಿ, ಮನೆಗೆ ಬಂದು ಹಾಳೆ ಹರವಿಕೊಂಡು ಕೂತೆ. ಆ ವಾರ ಜೊಂಡು ಅಂಚಾಯಿತು, ಬೆಳ್ಳಕ್ಕಿ ಸೆರಗಿಗೆ ಹಾರಿತು. ಮದುವೆಯಾಗಿ ಬಂದ ಹೊಸತರಲ್ಲಿ ಪೆನ್ಸಿಲ್ ಹಿಡಿದಾಗ ಆಗುತ್ತಿದ್ದ ಪುಳಕ ಮತ್ತೆ ಬಂತೆಂದು ಸಂಕೋಚವಿಲ್ಲದೆ ಹೇಳುತ್ತೇನೆ.

ಇಲ್ಲಿಗೆ ನಿಲ್ಲಿಸಿದ್ದರೆ ಕ್ಷೇಮವಾಗಿತ್ತು. ಆದರೆ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವ, ಕಾರ್ತಿಕದಲ್ಲಿ ಮದುವೆ ಗೊತ್ತಾಗಿದ್ದ ನನ್ನ ಮಗಳು ಭವ್ಯ, ಶಿಫ್ಟ್ ಮುಗಿಸಿ ಬಂದವಳು ಆ ಹಾಳೆ ನೋಡಿದಳು, ಪಕ್ಕದ ಫೋಟೊ ನೋಡಿದಳು. "ಅಮ್ಮ, ರಿಸೆಪ್ಷನ್‌ಗೆ ನಂಗೆ ಇದೇ ಸೀರೆ. ಇದೇ ಬಣ್ಣ. ಫೋಟೋಲಿ ಹೆಂಗೈತೋ ಹಂಗೇ, ಬ್ಲಾಕ್ ಅಂಡ್ ವೈಟು" ಎಂದು ಘೋಷಿಸಿದಳು.

ಒಳಕೋಣೆಯಿಂದ ನಮ್ಮತ್ತೆ ಹೊರಗೆ ಬಂದರು.

ನಮ್ಮತ್ತೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಮನೆಯ ಮದುಮಗಳ ಸೀರೆ ನಮ್ಮ ಮಗ್ಗದಲ್ಲೇ ಆಗಬೇಕೆಂಬುದು ವಾಡಿಕೆ. ಅದಕ್ಕಾಗಿ ಮಗ್ಗಕ್ಕೆ ಉದ್ದೆಳೆಗಳ ಹೊಸ ಹಾಸು ಏರಿಸುವ ದಿನ, ಹಳೆಯ ಎಳೆಗೆ ಹೊಸ ಎಳೆ ಸೇರಿಸುವ ಮೊದಲ ಗಂಟನ್ನು ಅರಿಶಿನದ ಕೈಯಿಂದ ಹಾಕುವವರು ನಮ್ಮತ್ತೆ. ನಾದಿನಿಯರಿಗೆ, ಓರಗಿತ್ತಿಯ ಹೆಣ್ಣುಮಕ್ಕಳಿಗೆ, ಎಲ್ಲರಿಗೂ ಆ ಗಂಟು ಬಿದ್ದ ಮೇಲೇ ಗಟ್ಟಿಮೇಳ. ಭವ್ಯಳನ್ನಂತೂ, ನಾನು ಗ್ರಾಫ್ ಹಾಳೆಯಲ್ಲಿ ಮುಳುಗಿದ್ದ ವರ್ಷಗಳಲ್ಲಿ, ಎತ್ತಿ ಆಡಿಸಿ ಉಣ್ಣಿಸಿ ಬೆಳೆಸಿದವರೇ ಅವರು. ಈಗಲೂ ಅಜ್ಜಿ-ಮೊಮ್ಮಗಳು ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಫೋನಿನಲ್ಲಿ ಧಾರಾವಾಹಿ ನೋಡಿ, ಒಂದೇ ಸೊಸೆಯನ್ನು ಬೈಯುತ್ತಾರೆ.

"ಮದುವೆ ಹೆಣ್ಣಿಗೆ ಕರೀ ಸೀರೆಯಾ? ಬುಡ್ತು ಅನ್ನು! ಕರೀ ನೂಲು ಏರ್ಸಿದ್ ಮಗ್ಗನ ನಾನು ಮುಟ್ಟಾಕಿಲ್ಲ. ಏನಾರ ಮಾಡ್ಕಳಿ."

"ಹಂಗಾದ್ರೆ ನಂಗೆ ಸೀರೇನೇ ಬ್ಯಾಡ ಬಿಡಜ್ಜಿ" ಎಂದಳು ಮಗಳು.

ಯಜಮಾನರು ತೀರ್ಪು ಕೊಡಬೇಕಾದ ಆ ಮುಹೂರ್ತದಲ್ಲಿ ಎದ್ದುಹೋಗಿ ನಾಲ್ಕೂ ಮಗ್ಗ ಚಾಲೂ ಮಾಡಿದರು. ಆ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲವೆಂಬ ಸತ್ಯವನ್ನು ಗಂಡಸರು ತಲೆಮಾರುಗಳಿಂದ ಸದುಪಯೋಗ ಮಾಡಿಕೊಂಡು ಬಂದಿದ್ದಾರೆ.

ಒಂಬತ್ತು ದಿನ ಇಬ್ಬರೂ ಒಂದೇ ಫೋನಿನ ಮುಂದೆ ಕೂರಲಿಲ್ಲ. ಧಾರಾವಾಹಿಯ ಸೊಸೆ ಏನಾದಳೋ ಯಾರಿಗೂ ಗೊತ್ತಿಲ್ಲ. ಅಜ್ಜಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು, ಮೊಮ್ಮಗಳು ಕಿಟಕಿ ಕಡೆ. ನಾನು ನಡುವೆ ನಿಂತು ಅತ್ತೆಗೆ ಛಾಯೆ, ಬೆಳಕು, ಸೌಂದರ್ಯದೃಷ್ಟಿ ಎಂದೆಲ್ಲ ಉಪನ್ಯಾಸ ಕೊಟ್ಟೆ, ಅವರು ಪೂರ್ತಿ ಕೇಳಿ "ಅನ್ನಕ್ಕಿಟ್ಟಿದ್ದೀಯ?" ಎಂದರು. ಮಗಳ ಹತ್ತಿರ ಹೋಗಿ ಕಡುನೀಲಿಯ ರಾಜಿಸೂತ್ರ ಇಟ್ಟೆ; "ಸ್ಕೂಲ್ ಯೂನಿಫಾರ್ಮಾ?" ಎಂದಳು. ಹೊರಗೆ ನಗುತ್ತಿದ್ದರೂ ಒಳಗೆ ನನಗೆ ನಿಜವಾಗಿ ದಿಗಿಲಾಗಿತ್ತು. ಅತ್ತೆಯ ಅರಿಶಿನದ ಗಂಟಿಲ್ಲದೆ ಭವ್ಯ ಹಸೆಮಣೆ ಏರಬೇಕಾಗಿ ಬಂದರೆ? ಎಲ್ಲಿಯ ಬೆಳ್ಳಕ್ಕಿ, ಯಾಕಾದರೂ ಆ ಸ್ಟುಡಿಯೊಕ್ಕೆ ಹೋದೆನೋ ಎಂದು ನನ್ನನ್ನೇ ಶಪಿಸಿಕೊಂಡೆ.

ಹತ್ತನೆಯ ದಿನ ಭಾನುವಾರ. ನಾನು ಹೇಳಿದ್ದ ದೊಡ್ಡ ಪ್ರತಿಯನ್ನು ಕಟ್ಟು ಹಾಕಿಸಿಕೊಂಡು ಖಲೀಲ್ ತಾವೇ ಬಂದರು. ನಾನು ಸ್ನಾನಕ್ಕೆ ಹೋಗಿದ್ದೆ. ಜಗಲಿಯಲ್ಲಿ ನೂಲಿನ ಉರುಳೆಗಳ ಬುಟ್ಟಿ ಮುಂದಿಟ್ಟುಕೊಂಡು ಬಣ್ಣ ವಿಂಗಡಿಸುತ್ತ ಕೂತಿದ್ದ ಅತ್ತೆಯ ಕೈಗೆ, ಪಾಪ, ಏನೂ ಅರಿಯದೆ ಅದನ್ನು ಕೊಟ್ಟುಬಿಟ್ಟಿದ್ದರು. ತಲೆಗೆ ಟವೆಲ್ ಸುತ್ತಿಕೊಂಡು ನಾನು ಓಡಿಬಂದಾಗ, ಅತ್ತೆ ಅದನ್ನು ತೋಳಳತೆಯಷ್ಟು ದೂರ ಹಿಡಿದು ನೋಡುತ್ತಿದ್ದರು. ಬೆಳ್ಳಕ್ಕಿಯನ್ನಲ್ಲ, ಅದರ ಕಾಲ ಕೆಳಗಿನ ನೀರನ್ನು.

"ಈ ನೀರು ಯಾವ ಬಣ್ಣ ಇತ್ತಪ್ಪ?"

"ನೆನಪಿಲ್ಲ ಅಜ್ಜಿ. ಇನ್ನೂ ಸರಿಯಾಗಿ ಬೆಳಕೇ ಬಿದ್ದಿರ್ಲಿಲ್ಲ."

"ನಂಗೊತ್ತೈತೆ. ಚಿಕ್ಕೋಳಿದ್ದಾಗ ಇಷ್ಟೊತ್ನಲ್ಲೇ ಅಲ್ವೇ ನಾನು ಬಿಂದಿಗೆ ತಗಂಡು ಕೆರೆಗೆ ಹೋಯ್ತಿದ್ದಿದ್ದು."

ಹಾಗೆನ್ನುತ್ತ ಬುಟ್ಟಿಗೆ ಕೈ ಹಾಕಿ ಕಡುಹಸಿರಿನದೊಂದು ಎಳೆ, ಅರಗಿನ ಕೆಂಪಿನದೊಂದು ಎಳೆ ಎಳೆದು, ಅಂಗೈಗಳ ನಡುವೆ ಇಟ್ಟು ಬತ್ತಿ ಹೊಸೆದಂತೆ ಹೊಸೆದರು. ಅಂಗೈ ಬಿಚ್ಚಿದಾಗ ಅಲ್ಲಿ ಹಸಿರೂ ಇರಲಿಲ್ಲ, ಕೆಂಪೂ ಇರಲಿಲ್ಲ. ಹೆಚ್ಚುಕಡಿಮೆ ಕಪ್ಪೇ ಆದ ಒಂದು ದಾರವಿತ್ತು. ಬಿಸಿಲಿಗೆ ಹಿಡಿದಾಗ ಎರಡೂ ಬಣ್ಣ ಮೆಲ್ಲಗೆ ಇಣುಕಿದವು.

"ನೀರಲ್ಲಿ ಪಾಚಿ ಹಸ್ರು ಐತೆ, ಏರಿ ಮಣ್ಣಿನ ಕೆಂಪು ಐತೆ. ಬೆಳಕಿಲ್ದೆ ಕರ್ರಗೆ ಕಾಣ್ತದೆ ಅಷ್ಟೆಯ. ಹಸ್ರು ಹಾಸು, ಅಡ್ಡಕ್ಕೆ ಕೆಂಪು ಹೊಕ್ಕು, ಹಕ್ಕಿಗೆ ಬೆಳ್ಳಿ ಜರಿ. ಹಸ್ರೂ ಮದ್ವೆ ಹೆಣ್ಣಿಂದೇ, ಕೆಂಪೂ ಮದ್ವೆ ಹೆಣ್ಣಿಂದೇ. ಇಷ್ಟು ತಿಳೀಲಿಲ್ವಲ್ಲೇ, ಇಪ್ಪತ್ ವರ್ಷದಿಂದ ಏನ್ ಬರೀತಿದ್ದೀಯ ನೀನು?"

ಕಪ್ಪುಬಿಳುಪಿನ ಮಹತ್ವ ಕುರಿತು ಒಂಬತ್ತು ದಿನ ಪ್ರವಚನ ಮಾಡಿದ್ದ ಪಂಡಿತೆ ಆ ದಾರವನ್ನು ತಾನೂ ಒಮ್ಮೆ ಬಿಸಿಲಿಗೆ ಹಿಡಿದು ನೋಡಿದಳು. ನಾನು ಆ ಚಿತ್ರದಿಂದ ಸ್ಫೂರ್ತಿ ಪಡೆದೆನೆಂದು ಬೀಗುತ್ತಿದ್ದೆ. ಪಡೆದದ್ದು ಒಂದು ಹಕ್ಕಿ, ಒಂದಿಷ್ಟು ಹುಲ್ಲು. ಅತ್ತೆ ಇಡೀ ಕೆರೆಯನ್ನೇ ಎತ್ತಿಕೊಂಡು ಬಂದಿದ್ದರು. ಖಲೀಲರು ಆ ದಾರವನ್ನೂ ತಮ್ಮ ಫೋಟೊವನ್ನೂ ಒಂದಾದಮೇಲೊಂದು ನೋಡಿ ನೋಡಿ, "ನಾನ್ ತೆಗ್ದಿದ್ದು ನಂಗೇ ಕಾಣ್ಲಿಲ್ಲ ನೋಡಿ ಅಕ್ಕ" ಎಂದರು. ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಭವ್ಯ ಒಳಗೆ ಹೋಗಿ ಅಜ್ಜಿಗೆ ಕಾಫಿ ತಂದಿಟ್ಟಳು. ಅದನ್ನು ನೋಡಿ ನಾನು ಟವೆಲಿನಲ್ಲೇ ಕಣ್ಣೊರೆಸಿಕೊಂಡೆ. ಹಾಸು ಏರಿಸಿದ ದಿನ ಅರಿಶಿನ ಕಲಸಿದವಳು ಮೊಮ್ಮಗಳೇ, ಮೊದಲ ಗಂಟು ಅಜ್ಜಿಯದೇ.

ರಿಸೆಪ್ಷನ್ ದಿನ ಆ ಸೀರೆ ಮಂಟಪದ ನೆರಳಿನಲ್ಲಿ ಕಪ್ಪಾಗಿಯೇ ಕಂಡಿತೆಂದು ಒಪ್ಪಿಕೊಳ್ಳಬೇಕು. ದಾಬಸ್‌ಪೇಟೆಯಿಂದ ಬಂದಿದ್ದ ನಮ್ಮವರ ಸೋದರತ್ತೆಯೊಬ್ಬರು ಊಟದ ಪಂಕ್ತಿಯಲ್ಲಿ, "ಶುಭಕಾರ್ಯದಲ್ಲಿ ಕರೀ ಸೀರೆ ಉಡ್ಸವ್ರಲ್ಲ, ಮನೇಲಿ ಹಿರೀಕರು ಯಾರೂ ಇಲ್ವೇನೋ" ಎಂದು ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಹೇಳಿದರು. ನಮ್ಮತ್ತೆ ಅರ್ಧ ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದು, ಕೈ ತೊಳೆದು, ತಮ್ಮ ನಾದಿನಿಯಾದ ಆ ಸೋದರತ್ತೆಯ ರಟ್ಟೆ ಹಿಡಿದು ನೇರ ವೇದಿಕೆಗೆ ನಡೆದರು. ಉಡುಗೊರೆ ಹಿಡಿದು ನಿಂತಿದ್ದ ಸಾಲೆಲ್ಲ ಸರಿದು ದಾರಿ ಬಿಟ್ಟಿತು. ಮೊಮ್ಮಗಳ ಸೆರಗನ್ನು ಎತ್ತಿ, ಖಲೀಲರು ಹಾಕಿದ್ದ ದೊಡ್ಡ ದೀಪಕ್ಕೆ ಅಡ್ಡ ಹಿಡಿದರು. ಕೆರೆಗೆ ಬಿಸಿಲು ಬಿತ್ತು ನೋಡಿ: ಹಸಿರು ಒಂದು ಮಗ್ಗುಲಿಗೆ, ಕೆಂಪು ಇನ್ನೊಂದು ಮಗ್ಗುಲಿಗೆ, ನಡುವೆ ಬೆಳ್ಳಕ್ಕಿಗಳ ಬೆಳ್ಳಿ.

"ಒಂದೆಳೆ ಕರೀ ನೂಲು ತೋರ್ಸು, ಇಲ್ಲೇ ಬಿಚ್ಚಿಸ್ತೀನಿ. ಹಿರೀಕಳು ನಾನಿದ್ದೀನಿ ಕಣಮ್ಮ, ನಾನೇ ಗಂಟು ಹಾಕಿದ್ದು" ಎಂದರು ನಮ್ಮತ್ತೆ.

ಸೋದರತ್ತೆ ಕನ್ನಡಕ ಹಾಕಿಕೊಂಡು ಹುಡುಕತೊಡಗಿದರು. ಅಷ್ಟರಲ್ಲಿ ಭವ್ಯ, ಇಷ್ಟು ದಪ್ಪ ಹೂವಿನ ಜಡೆ, ಅಷ್ಟು ದುಬಾರಿ ಮೇಕಪ್ಪು ಯಾವುದನ್ನೂ ಲೆಕ್ಕಿಸದೆ ಬಗ್ಗಿ ಅಜ್ಜಿಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟಳು. "ಬಿಡೇ ಮಳ್ಳಿ, ಸೀರೆ ಸುಕ್ಕಾಯ್ತದೆ" ಎಂದರು ಅತ್ತೆ. ಎಂದರೇ ಹೊರತು, ಮೊಮ್ಮಗಳ ಬೆನ್ನ ಮೇಲಿದ್ದ ಅವರ ಎರಡು ಕೈಗಳಲ್ಲಿ ಒಂದೂ ಸಡಿಲವಾಗಲಿಲ್ಲ.