ಬಂಗುಡೆ ಕಟ್ಟಿದ ಲಂಡನ್ ಹಾಳೆ

ನನ್ನ ಮೊಮ್ಮಗಳಿಗೆ ಮುಂಬೈಯಲ್ಲಿ ನೆಲದಡಿಯ ಮೆಟ್ರೋ ರೈಲು ಓಡಿಸುವ ಕೆಲಸ ಸಿಕ್ಕಿತು. ಇವತ್ತು ಬೆಳಿಗ್ಗೆ ಕಾಗದ ಬಂತು. ಕಾಪುವಿನ ನಮ್ಮ ಓಣಿಯಲ್ಲಿ ನಾನು ಹೇಳದೆ ಬಿಟ್ಟ ಮನೆಯಿಲ್ಲ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳ ಮೊಮ್ಮಗಳು ರೈಲು ಬಿಡುತ್ತಾಳೆ ಎಂದರೆ ಹೊಟ್ಟೆಯೊಳಗೆ ಹಿಡಿಸುವ ಸಂತೋಷವೇ ಅದು?

ಆದರೆ ಕಾಗದ ಕೈಗೆ ತೆಗೆದುಕೊಂಡಾಗ ಮೀನು ಮಾರುವ ನನ್ನ ಬೆರಳಿನ ಬಂಗುಡೆ ವಾಸನೆ ಅದಕ್ಕೆ ಹತ್ತಿತು. ಹಡಗಿನ ಪೊರ್ಬುಗಳು ನೆನಪಾದರು.

ಕ್ರೈಸ್ತ ಹಿರಿಯರನ್ನು ನಾವು ಪೊರ್ಬುಗಳು ಎಂದೇ ಕರೆಯುವುದು. ಇವರು ಇನ್ನಂಜೆಯವರು. ಹಡಗಿನ ಕೆಲಸದಲ್ಲಿ ದೇಶ ಸುತ್ತುವಾಗ ಹೋದಲ್ಲೆಲ್ಲ ನೆಲದಡಿಯ ರೈಲು ಹತ್ತಿ, ಟಿಕೆಟನ್ನು ಒಂದು ಪುಸ್ತಕಕ್ಕೆ ಅಂಟಿಸಿದ್ದರು. ಪಕ್ಕದಲ್ಲಿ ಆ ರೈಲಿನ ವಯಸ್ಸು, ಉದ್ದ, ಹತ್ತುವ ಜನ, ಎಲ್ಲ ಇಂಗ್ಲಿಷಿನಲ್ಲಿ. ನಾನು ಅವರ ಅಂಗಳದಲ್ಲಿ ಮೀನಿನ ಬುಟ್ಟಿ ಇಳಿಸಿದರೆ, ರಜೆಯಲ್ಲಿ ಜೊತೆಗೆ ಬರುತ್ತಿದ್ದ ಮೊಮ್ಮಗಳು ಜಗಲಿಯಲ್ಲಿ ಕೂತು ಅದನ್ನು ಬಿಡಿಸುತ್ತಿದ್ದಳು.

“ಲಂಡನಿನದ್ದು ಎಲ್ಲದಕ್ಕಿಂತ ಹಳೆಯದು ಮಗಾ. ಉದ್ದದಲ್ಲಿ ಶಾಂಘೈ ಅದನ್ನು ದಾಟಿ ಹೋಯಿತು, ಜನವೂ ಅಲ್ಲಿಯೇ ಜಾಸ್ತಿ. ನಿನ್ನ ಅಜ್ಜಿಯ ಹಾಗೆ. ಮಾರುವವರಲ್ಲಿ ಹಿರಿಯವಳು, ಜನ ಮಾತ್ರ ಆಚೆಯವಳ ಹತ್ತಿರ,” ಎಂದು ಅವಳಿಗೆ ಹೇಳುತ್ತಿದ್ದರು ಅವರು.

“ಆಚೆಯವಳ ಮೀನು ನಿನ್ನೆಯದ್ದು. ಅದನ್ನೂ ಬರೆದಿಡಿ ಪೊರ್ಬುಗಳೇ,” ಎನ್ನುತ್ತಿದ್ದೆ.

ಒಂದು ಬೇಸಗೆಯಲ್ಲಿ ಪುಸ್ತಕವನ್ನೇ ಅವಳ ಕೈಗೆ ಕೊಟ್ಟರು. ಹಾಳಾಗಬಾರದೆಂದು ಅವಳು ಶಾಲೆಯ ಪುಸ್ತಕದ ಹಾಗೆ ಕಂದು ಕಾಗದದ ಹೊದಿಕೆ ಹಾಕಿ ಇಟ್ಟಳು. ವರ್ಷ ಮುಗಿದ ಶಾಲೆ ಪುಸ್ತಕಗಳನ್ನು ಮೀನು ಕಟ್ಟಲು ಹರಿಯುವುದು ನನ್ನ ಪದ್ಧತಿ. ಬೆಳಗಿನ ಗಡಿಬಿಡಿ… ಅಂಟಿಸಿದ್ದನ್ನು ಕಂಡು ಶಾಲೆಯ ಚಿತ್ರ ಎಂದುಕೊಂಡು ಅದನ್ನೂ ಹರಿದೆ.

ನಾಲ್ಕು ಮನೆಗೆ ಆ ಹಾಳೆಗಳಲ್ಲೇ ಮೀನು ಕಟ್ಟಿಕೊಟ್ಟು ಅವರ ಮನೆಗೆ ಹೋದೆ. ಅವರು ಪೊಟ್ಟಣ ಬಿಡಿಸಿದರು. ಒದ್ದೆ ಹಾಳೆಯನ್ನು ಜಗಲಿಯ ಮೇಲೆ ಹರಡಿ ಅಂಗೈಯಿಂದ ಸವರಿದರು.

“ಲಂಡನ್,” ಎಂದರು ಕೊನೆಗೆ. “ಇಷ್ಟು ದಿನ ನೆಲದ ಅಡಿಯಲ್ಲಿ ಇತ್ತು, ಈಗ ಬಂಗುಡೆಯ ಅಡಿಯಲ್ಲಿ ಉಂಟು.”

ಬಾಯಿ ನಕ್ಕಿತು. ಕಣ್ಣು ನಗಲಿಲ್ಲ.

ಮೊಮ್ಮಗಳಿಗೆ ಅವರು ಬೇರೆಯೇ ಹೇಳಿದರು. ಪುಸ್ತಕವನ್ನು ತಾವೇ ವಾಪಸ್ ತರಿಸಿಕೊಂಡು ಕಾರ್ಕಳದ ಬಸ್ಸಿನಲ್ಲಿ ಬಿಟ್ಟುಬಂದರಂತೆ. “ಎಂತ ಅಜ್ಜ ನೀವು, ಅಷ್ಟೂ ಜಾಗ್ರತೆ ಇಲ್ವಾ?” ಎಂದು ಅವಳು ಅತ್ತು ಬೈದಳು. ಅವರು ತಲೆ ತಗ್ಗಿಸಿ ಕೇಳಿಕೊಂಡರು. ನಾನು ಪಕ್ಕದಲ್ಲೇ ಬುಟ್ಟಿ ಹಿಡಿದು ನಿಂತಿದ್ದೆ. ಬಾಯಿ ಬಿಡಲಿಲ್ಲ. ಆಮೇಲೆ ಹೊಸ ಪುಸ್ತಕದಲ್ಲಿ ನೆನಪಿದ್ದಷ್ಟನ್ನು ಬರೆದುಕೊಟ್ಟರು. ಟಿಕೆಟ್ ಎಲ್ಲಿಂದ ತರುವುದು…

ಹೋದ ವರ್ಷ ಅವರು ತೀರಿಕೊಂಡರು.

ಈ ಸಂಜೆ ಮನೆಯವರೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಮೊಮ್ಮಗಳೇ ಮಾತು ತೆಗೆದಳು. “ಹಡಗಿನ ಅಜ್ಜ ಇರಬೇಕಿತ್ತು ಅಜ್ಜಿ. ಪುಸ್ತಕ ಕಳೆದದ್ದಕ್ಕೆ ಎಷ್ಟು ಬೈದಿದ್ದೆ ನಾನು.”

“ಕಳೆದದ್ದು ಅವರಲ್ಲ ಮಗಾ,” ಎಂದೆ. ಎಲ್ಲವನ್ನೂ ಹೇಳಿದೆ.

ಅವಳ ಕೈ ಅನ್ನದಲ್ಲೇ ನಿಂತಿತು. ಆಮೇಲೆ ಸೌಟು ಎತ್ತಿ ನನ್ನ ಅನ್ನಕ್ಕೆ ಸಾರು ಬಡಿಸಿದಳು.

“ಉಣ್ಣಿ,” ಎಂದಳು.

ಎಲ್ಲರೂ ಉಂಡೆವು. ನಾನು ತಿನ್ನಬೇಕಾದ ಬೈಗುಳವನ್ನು ಮಾತ್ರ ಪೊರ್ಬುಗಳು ತಿಂದು ಹೋದರು.